ಸ್ವಯಂಪಾಕದ ರಜೆ: ಹಳ್ಳಿಮನೆಯ ಬೀಗದ ಕೈ ಯಾರ ಕೈಯಲ್ಲಿ?

ಸ್ವಯಂಪಾಕ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ತೀರ್ಥಯಾತ್ರೆ. ಅಕ್ಕಿ, ಬೇಳೆ, ಪಾತ್ರೆ ಪಡಗಗಳನ್ನು ಗಂಟು ಕಟ್ಟಿಕೊಂಡು ಹೊರಟು, ಛತ್ರದಲ್ಲಿ ಇಳಿದು, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಬ್ರಿಟನ್ನಿನಲ್ಲಿ ಸ್ವಯಂಪಾಕವೆಂಬುದು ಬೇಸಿಗೆ ರಜೆಯ ಬಹು ಜನಪ್ರಿಯ ಬಗೆ. ಹಳ್ಳಿಯಲ್ಲೊಂದು ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿಯುವುದು, ಬೀಗದ ಕೈ ಪಡೆದು ಒಳಹೊಕ್ಕು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುವುದು, ಹಗಲಲ್ಲಿ ಬೆಟ್ಟ ಹತ್ತುವುದು, ಹಳೆಯ ಕೋಟೆ ಚರ್ಚುಗಳನ್ನು ನೋಡುವುದು, ಊರಿನ ಬೇಸಿಗೆ ಹಬ್ಬವಿದ್ದರೆ ಅದರಲ್ಲೂ ಸೇರಿಕೊಳ್ಳುವುದು. ಇಷ್ಟೇ ಅದರ ಸ್ವರೂಪ.

ಕೇಳಲು ಸರಳ. ಆದರೆ ಈ ಸರಳ ರಜೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಕೂಲಿಕಾರರ ಗುಡಿಸಲು, ಸವೆದ ರೈಲು ಡಬ್ಬಿ, ಬೆಟ್ಟ ಹತ್ತಿದ್ದಕ್ಕೆ ಜೈಲುವಾಸ, ಕೊನೆಗೆ ಬೆಂಕಿಗೆ ಆಹುತಿಯಾದ ಮನೆಗಳು, ಎಲ್ಲವೂ ಆ ಇತಿಹಾಸದಲ್ಲಿ ಬರುತ್ತವೆ. ಹಳ್ಳಿ ಯಾರದ್ದು, ನೋಡಲು ಬಂದವರದ್ದೇ ಅಥವಾ ಅಲ್ಲಿ ಹುಟ್ಟಿ ಬೆಳೆದವರದ್ದೇ ಎಂಬ ಪ್ರಶ್ನೆ ಅದರ ಉದ್ದಕ್ಕೂ ಹರಿದುಬಂದಿದೆ.

ದುಡಿಮೆಯೇ ರಜೆ

ಲಂಡನ್ನಿನ ಪೂರ್ವ ಭಾಗದ ಬಡ ಕುಟುಂಬಗಳಿಗೆ ರಜೆ ಎಂಬ ಮಾತೇ ದೂರವಾಗಿದ್ದ ಕಾಲದಲ್ಲಿ ಅವರನ್ನು ಹಳ್ಳಿಗೆ ಕರೆದೊಯ್ದದ್ದು ಒಂದು ಬಳ್ಳಿ. ಬಿಯರ್‌ಗೆ ಕಹಿ ರುಚಿ ಕೊಡುವ ಹಾಪ್ಸ್ ಬಳ್ಳಿ ಅದು. ಲಂಡನ್ನಿನ ಪಕ್ಕದ ಕೆಂಟ್ ಪ್ರಾಂತ್ಯದಲ್ಲಿ ಅದನ್ನು ಹೇರಳವಾಗಿ ಬೆಳೆಯುತ್ತಿದ್ದರು. ಬೇಸಿಗೆ ಮುಗಿಯುತ್ತಾ ಬಂದಂತೆ, ಸೆಪ್ಟೆಂಬರ್ ಹೊತ್ತಿಗೆ ಅದರ ಹೂಗೊಂಚಲು ಬಿಡಿಸಲು ಕೆಲವೇ ವಾರಗಳ ಮಟ್ಟಿಗೆ ಸಾವಿರಾರು ಕೈಗಳು ಬೇಕಾಗುತ್ತಿದ್ದವು. ಊರಿನಲ್ಲಿ ಅಷ್ಟು ಜನ ಇರಲಿಲ್ಲ. ಹೀಗಾಗಿ ಲಂಡನ್ನಿನಿಂದ ತಾಯಂದಿರು, ಮಕ್ಕಳು, ಅಜ್ಜಿಯರು ರೈಲಿನಲ್ಲಿ ಬಂದಿಳಿಯುತ್ತಿದ್ದರು. ಗಂಡಸರು ಪಟ್ಟಣದ ಕೆಲಸ ಬಿಡಲಾಗದೆ ವಾರದ ಕೊನೆಯಲ್ಲಿ ಬಂದು ಹೋಗುತ್ತಿದ್ದರು.

ತೋಟದ ಮಾಲೀಕರು ಅವರಿಗೆ ಕೊಡುತ್ತಿದ್ದದ್ದು ಒಂದೊಂದು ಸಣ್ಣ ಗುಡಿಸಲು, ಹಾಸಿಗೆಗೆ ತುಂಬಿಕೊಳ್ಳಲು ಹುಲ್ಲು, ಒಲೆಗೆ ಸೌದೆ. ಉಳಿದದ್ದೆಲ್ಲ ಅವರೇ ತರಬೇಕು. ಕೆಟಲು, ಬಾಣಲೆ, ಕಂಬಳಿ, ಗೋಡೆಗೆ ಅಂಟಿಸಲು ಕಾಗದ, ಕಿಟಕಿಗೆ ಪರದೆ ಎಲ್ಲವನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಹೊರಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಬೆರಳು ಕಪ್ಪಾಗುವಷ್ಟು ಕೆಲಸ. ಕೂಲಿಯೂ ಅಷ್ಟಕ್ಕಷ್ಟೆ. ಆದರೂ ಹೊಗೆ ತುಂಬಿದ ಓಣಿಗಳಿಂದ ಬಂದ ಮಕ್ಕಳಿಗೆ ಅದೇ ವರ್ಷದ ಏಕೈಕ ರಜೆ. ಲೇಖಕ ಜಾರ್ಜ್ ಆರ್ವೆಲ್ 1931ರಲ್ಲಿ ಈ ಕೂಲಿಕಾರರ ನಡುವೆ ಸೇರಿ ಹಾಪ್ಸ್ ಬಿಡಿಸಿ, ಆ ಅನುಭವವನ್ನು ಬರೆದಿದ್ದಾನೆ. ಎರಡನೇ ಮಹಾಯುದ್ಧದ ನಂತರ ಯಂತ್ರಗಳು ಬಂದವು. 1960ರ ದಶಕದ ಹೊತ್ತಿಗೆ ಈ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು.

ಜಾತ್ರೆಯ ವಾರ

ಉತ್ತರ ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಹತ್ತಿ ಗಿರಣಿ ಪಟ್ಟಣಗಳಲ್ಲಿ ಕಥೆ ಬೇರೆ. ಅಲ್ಲಿ ಊರ ಚರ್ಚಿನ ಸಂತನ ನೆನಪಿಗೆ ನಡೆಯುತ್ತಿದ್ದ ಹಳೆಯ ಹಬ್ಬಕ್ಕೆ ‘ವೇಕ್ಸ್’ ಎಂದು ಹೆಸರು. ನಮ್ಮ ಊರಜಾತ್ರೆಯಂತೆಯೇ ಒಂದೊಂದು ಊರಿಗೆ ಒಂದೊಂದು ದಿನ. ಆ ದಿನಗಳಲ್ಲಿ ಕಾರ್ಮಿಕರು ಕೆಲಸಕ್ಕೆ ಬಾರದಿರುವುದನ್ನು ತಡೆಯಲಾಗದ ಗಿರಣಿ ಮಾಲೀಕರು ಕ್ರಮೇಣ ಇಡೀ ವಾರ ಗಿರಣಿ ಮುಚ್ಚತೊಡಗಿದರು. ಅದಕ್ಕೆ ಸಂಬಳವಿರಲಿಲ್ಲ. ಜನರು ವರ್ಷವಿಡೀ ಪುಡಿಗಾಸು ಕೂಡಿಟ್ಟು, ಆ ಒಂದು ವಾರ ಬ್ಲ್ಯಾಕ್‌ಪೂಲ್‌ನಂತಹ ಕಡಲತೀರದ ಪಟ್ಟಣಗಳಿಗೆ ಹೋಗಿ ಖರ್ಚು ಮಾಡಿ ಬರುತ್ತಿದ್ದರು.

ಕೋಲ್ನ್ ಎಂಬ ಗಿರಣಿ ಪಟ್ಟಣದ ಪಾದ್ರಿ ಟಿ.ಎ. ಲಿಯೊನಾರ್ಡ್‌ಗೆ ಇದು ಸರಿಕಾಣಲಿಲ್ಲ. ಕೂಡಿಟ್ಟ ಹಣ ಗದ್ದಲದಲ್ಲಿ ಕರಗಿಹೋಗುವ ಬದಲು, ದುಡಿಯುವ ಜನ ಬೆಟ್ಟ ಸರೋವರಗಳ ನಡುವೆ ನಡೆದಾಡಲಿ ಎಂಬುದು ಅವನ ಆಸೆ. 1891ರ ಬೇಸಿಗೆಯಲ್ಲಿ ಸುಮಾರು 30 ಜನರನ್ನು ಕಟ್ಟಿಕೊಂಡು ಸರೋವರಗಳ ನಾಡಿನ ಆಂಬಲ್‌ಸೈಡ್‌ಗೆ ಹೋದ. ಅದು ಎಷ್ಟು ಹಿಡಿಸಿತೆಂದರೆ, ಎರಡೇ ವರ್ಷಗಳಲ್ಲಿ ಇಂತಹ ರಜೆಗಳಿಗಾಗಿಯೇ ಒಂದು ಸಹಕಾರಿ ಸಂಘ ಹುಟ್ಟಿಕೊಂಡಿತು. ಕಡಿಮೆ ಖರ್ಚು, ಸರಳ ಊಟ, ಹಗಲೆಲ್ಲ ನಡಿಗೆ, ಸಂಜೆ ಹಾಡು ಮತ್ತು ಉಪನ್ಯಾಸ ಇದರ ಕ್ರಮ. ಊರಿನ ಇತಿಹಾಸ, ಗಿಡಮರ, ಹಳೆಯ ಕಟ್ಟಡಗಳನ್ನು ಕುರಿತು ತಿಳಿದವರು ನಡೆಯುತ್ತಲೇ ವಿವರಿಸುತ್ತಿದ್ದರು. ಇಂದು ‘ಪರಂಪರೆ ಪ್ರವಾಸ’ ಎಂಬ ದೊಡ್ಡ ಹೆಸರು ಪಡೆದಿರುವ ಕಲ್ಪನೆಯ ಬೇರುಗಳಲ್ಲಿ ಇದೂ ಒಂದು.

ರೈಲು ಡಬ್ಬಿಯಲ್ಲಿ ಸಂಸಾರ

1930ರ ದಶಕವನ್ನು ಈ ರಜೆಯ ಸುವರ್ಣಕಾಲ ಎನ್ನಬಹುದು. ಜರ್ಮನಿಯ ಶಾಲಾ ಮಾಸ್ತರ ರಿಚರ್ಡ್ ಶಿರ್‌ಮನ್ ಆರಂಭಿಸಿದ್ದ ಯುವ ಹಾಸ್ಟೆಲ್ ಚಳವಳಿ 1930ರಲ್ಲಿ ಬ್ರಿಟನ್ನಿಗೆ ಬಂತು. ಇತಿಹಾಸಕಾರ ಜಿ.ಎಂ. ಟ್ರೆವೆಲ್ಯನ್ ಅಲ್ಲಿನ ಸಂಘದ ಮೊದಲ ಅಧ್ಯಕ್ಷ. ರಾತ್ರಿಗೆ ಒಂದು ಶಿಲಿಂಗ್ ಕೊಟ್ಟರೆ ಮಲಗಲು ಜಾಗ, ಅಡುಗೆಗೆ ಸಾಮೂಹಿಕ ಒಲೆ. ಬೆಳಿಗ್ಗೆ ಹೊರಡುವ ಮುನ್ನ ನೆಲ ಗುಡಿಸುವುದು, ಪಾತ್ರೆ ತೊಳೆಯುವುದು ಇತ್ಯಾದಿ ಕೆಲಸಗಳಲ್ಲಿ ಒಂದನ್ನು ಮಾಡಿಯೇ ತೀರಬೇಕು. ನಡೆದು ಅಥವಾ ಸೈಕಲ್ ತುಳಿದು ಬಂದವರಿಗಾಗಿಯೇ ಮೀಸಲಾಗಿದ್ದ ಈ ಹಾಸ್ಟೆಲುಗಳಲ್ಲಿ ಕಾರಿನಲ್ಲಿ ಬಂದವರಿಗೆ ಬಹುಕಾಲ ಪ್ರವೇಶವಿರಲಿಲ್ಲ. ಯುದ್ಧ ಆರಂಭವಾಗುವ ಹೊತ್ತಿಗೆ ಇವುಗಳ ಸಂಖ್ಯೆ ಸುಮಾರು 300 ಮುಟ್ಟಿತ್ತು.

ಹಾಸ್ಟೆಲು ಒಂಟಿ ತರುಣ ತರುಣಿಯರಿಗಾಯಿತು. ಮಕ್ಕಳೊಂದಿಗರು ಏನು ಮಾಡಬೇಕು? ಅದಕ್ಕೆ ಉತ್ತರ ಕೊಟ್ಟದ್ದು ರೈಲ್ವೆ. ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ಎಂಬ ರೈಲ್ವೆ ಕಂಪೆನಿ 1933ರಲ್ಲಿ ಓಡಿಸಲು ಯೋಗ್ಯವಲ್ಲದ 10 ಹಳೆಯ ಡಬ್ಬಿಗಳನ್ನು ಹಳ್ಳಿಗಾಡಿನ ನಿಲ್ದಾಣಗಳ ಬದಿಯ ಹಳಿಗಳ ಮೇಲೆ ನಿಲ್ಲಿಸಿ, ಒಳಗೆ ಮಂಚ, ಒಲೆ, ಪಾತ್ರೆಗಳನ್ನು ಅಳವಡಿಸಿ ವಾರಕ್ಕಿಷ್ಟು ಎಂದು ಬಾಡಿಗೆಗೆ ಬಿಟ್ಟಿತು. ಬೆಳಕಿಗೆ ಎಣ್ಣೆ ದೀಪ. ನೀರನ್ನು ನಿಲ್ದಾಣದಿಂದ ಹೊತ್ತು ತರಬೇಕು. ಬಾಡಿಗೆ ಹಿಡಿದವರು ಅಲ್ಲಿಗೆ ರೈಲಿನಲ್ಲೇ ಬರಬೇಕೆಂಬ ಷರತ್ತಿನಿಂದ ಟಿಕೆಟಿನ ಹಣವೂ ಕಂಪೆನಿಗೆ ದಕ್ಕುತ್ತಿತ್ತು. ಜನ ಮುಗಿಬಿದ್ದರು. ಉಳಿದ ರೈಲ್ವೆ ಕಂಪೆನಿಗಳೂ ಈ ದಾರಿ ಹಿಡಿದವು. 1963ರ ನಂತರ ನಷ್ಟದ ಹೆಸರಿನಲ್ಲಿ ಸಣ್ಣ ರೈಲು ಮಾರ್ಗಗಳನ್ನು ಮುಚ್ಚುತ್ತಾ ಹೋದಂತೆ ಈ ಡಬ್ಬಿಗಳೂ ಕಣ್ಮರೆಯಾದವು.

ಸಂಬಳಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. ಅದು ಎಲ್ಲರಿಗೂ ಒಮ್ಮೆಗೇ ಅನ್ವಯಿಸದಿದ್ದರೂ, ವರ್ಷಕ್ಕೊಂದು ವಾರ ಸಂಬಳದೊಂದಿಗೆ ವಿರಾಮ ಪಡೆಯುವುದು ಕಾರ್ಮಿಕನ ಹಕ್ಕು ಎಂಬ ತತ್ವಕ್ಕೆ ಸರ್ಕಾರದ ಮುದ್ರೆ ಬಿದ್ದಿತು.

ಬೆಟ್ಟಕ್ಕೆ ಬೇಲಿ

ರಜೆ ಸಿಕ್ಕಿತು, ತಂಗಲು ಜಾಗ ಸಿಕ್ಕಿತು. ಆದರೆ ನಡೆಯಲು ಬೆಟ್ಟ? ಇಂಗ್ಲೆಂಡಿನ ಎಷ್ಟೋ ಬೆಟ್ಟಗಳು ಶ್ರೀಮಂತರ ಖಾಸಗಿ ಸ್ವತ್ತು. ಅವರು ಅಲ್ಲಿ ಗ್ರೌಸ್ ಎಂಬ ಹಕ್ಕಿಯ ಬೇಟೆಯಾಡುತ್ತಿದ್ದರು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವಿನ ಕಿಂಡರ್ ಸ್ಕೌಟ್ ಅಂತಹ ಒಂದು ಬೆಟ್ಟ. ವಾರವಿಡೀ ಕಾರ್ಖಾನೆಯಲ್ಲಿ ದುಡಿದವರು ಭಾನುವಾರ ಅದರ ಬುಡದವರೆಗೆ ಬರಬಹುದಿತ್ತೇ ಹೊರತು ಮೇಲೆ ಹತ್ತುವಂತಿರಲಿಲ್ಲ. ಕಾವಲುಗಾರರು ದೊಣ್ಣೆ ಹಿಡಿದು ನಿಂತಿರುತ್ತಿದ್ದರು.

1932ರ ಏಪ್ರಿಲ್ 24ರಂದು ಸುಮಾರು 400 ಜನರು ಬಹಿರಂಗವಾಗಿ ಆ ಬೆಟ್ಟಕ್ಕೆ ನುಗ್ಗಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಕೇವಲ 20 ವರ್ಷ. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳ ಜೈಲು ಶಿಕ್ಷೆಯಾಯಿತು. ಅತಿಕ್ರಮ ಪ್ರವೇಶ ಅಲ್ಲಿನ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಹೀಗಾಗಿ ದೊಂಬಿ ಮುಂತಾದ ಆರೋಪಗಳನ್ನು ಹೊರಿಸಬೇಕಾಯಿತು. ಬೆಟ್ಟ ಹತ್ತಿದ್ದಕ್ಕೆ ಜೈಲೇ ಎಂದು ಜನರು ಕೆರಳಿದರು. ಶಿಕ್ಷೆಯ ಕಠೋರತೆಯೇ ಚಳವಳಿಗೆ ಬಲ ತಂದಿತು.

1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಜಾರಿಗೆ ಬಂತು. 1951ರಲ್ಲಿ ಘೋಷಣೆಯಾದ ಬ್ರಿಟನ್ನಿನ ಪ್ರಥಮ ರಾಷ್ಟ್ರೀಯ ಉದ್ಯಾನ ಪೀಕ್ ಡಿಸ್ಟ್ರಿಕ್ಟ್, ಅಂದರೆ ಅದೇ ಕಿಂಡರ್ ಸ್ಕೌಟ್ ಇರುವ ಪ್ರದೇಶ. ನಮ್ಮ ಬಂಡೀಪುರ, ನಾಗರಹೊಳೆಗಳಂತೆ ಅಲ್ಲಿನ ರಾಷ್ಟ್ರೀಯ ಉದ್ಯಾನ ಕಾಡುಪ್ರಾಣಿಗಳಿಗೆ ಮೀಸಲಾದ ಅರಣ್ಯವಲ್ಲ. ಅದರೊಳಗೆ ಹಳ್ಳಿ, ಹೊಲ, ಕುರಿಮಂದೆ ಎಲ್ಲವೂ ಇವೆ. ಅಂದು ಆ ಬೆಟ್ಟದ ಒಡೆತನ ಡೆವನ್‌ಷೈರ್ ಡ್ಯೂಕನ ಮನೆತನದ್ದಾಗಿತ್ತು. 2002ರಲ್ಲಿ, ಘಟನೆಯ 70ನೇ ವರ್ಷದಂದು, ಅಂದಿನ ಡ್ಯೂಕ್ ತನ್ನ ಅಜ್ಜನ ಕಾಲದ ವರ್ತನೆಗಾಗಿ ಸಾರ್ವಜನಿಕವಾಗಿ ಕ್ಷಮೆ ಕೋರಿದ.

ಪಾಳುಮನೆಗೆ ಬಾಡಿಗೆಯೇ ಮದ್ದು

ಯುದ್ಧಾನಂತರದ ಹಳ್ಳಿಗಳಲ್ಲಿ ಮತ್ತೊಂದು ಬದಲಾವಣೆ ನಡೆದಿತ್ತು. ಟ್ರ್ಯಾಕ್ಟರ್ ಬಂದು ಆಳುಗಳ ಅಗತ್ಯ ಕಡಿಮೆಯಾಯಿತು. ಆಳುಗಳ ಮನೆಗಳು, ಕಣಜಗಳು, ಕುದುರೆ ಲಾಯಗಳು ಖಾಲಿಯಾದವು. ಹಳೆಯ ಕಟ್ಟಡಗಳನ್ನು ಕೆಡವುವುದೇ ಪ್ರಗತಿ ಎಂಬ ಭಾವನೆಯೂ ಆಗ ಬಲವಾಗಿತ್ತು.

ಇದನ್ನು ಕಂಡು ಮರುಗಿದವರಲ್ಲಿ ಸಂಸದ ಜಾನ್ ಸ್ಮಿತ್ ಒಬ್ಬ. ಪ್ರಸಿದ್ಧ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಕಾಲುವೆಯ ದಂಡೆಯಲ್ಲಿ ಕಟ್ಟಿಸಿದ್ದ ಮನೆಯೊಂದು ನೆಲಸಮವಾದದ್ದು ಅವನನ್ನು ಬಹಳ ಕಾಡಿತು. ಅರಮನೆ, ಕೆಥೆಡ್ರಲ್‌ಗಳನ್ನು ಉಳಿಸಲು ಸಂಸ್ಥೆಗಳಿದ್ದವು. ಸಣ್ಣ ಕಟ್ಟಡಗಳಿಗೆ ದಿಕ್ಕಿರಲಿಲ್ಲ. ವಸ್ತುಸಂಗ್ರಹಾಲಯ ಮಾಡಲು ಅವು ತೀರ ಚಿಕ್ಕವು. 1965ರಲ್ಲಿ ಅವನೂ ಪತ್ನಿ ಕ್ರಿಶ್ಚಿಯನ್‌ಳೂ ಸೇರಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಸ್ಥಾಪಿಸಿದರು. ಪಾಳುಬಿದ್ದ ಚಾರಿತ್ರಿಕ ಕಟ್ಟಡವನ್ನು ಪಡೆದು ದುರಸ್ತಿ ಮಾಡುವುದು, ಅದನ್ನು ಸ್ವಯಂಪಾಕದ ರಜಾಮನೆಯಾಗಿ ಬಾಡಿಗೆಗೆ ಬಿಡುವುದು, ಬಂದ ಹಣದಲ್ಲಿ ಅದರ ನಿರ್ವಹಣೆ ನಡೆಸುವುದು ಅವರ ಯೋಜನೆ. ವೇಲ್ಸಿನ ಒಂದು ಸಣ್ಣ ಚರ್ಚ್ ಕುಟೀರದಿಂದ ಆರಂಭವಾದ ಟ್ರಸ್ಟಿನ ಬಳಿ ಇಂದು ಸುಮಾರು 200 ಕಟ್ಟಡಗಳಿವೆ.

ಅವುಗಳಲ್ಲಿ ಕೆಲವು ನಿಜಕ್ಕೂ ವಿಚಿತ್ರ. ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ 18ನೇ ಶತಮಾನದ ಉದ್ಯಾನ ಭವನವೊಂದರ ಗೋಪುರ ಕಲ್ಲಿನ ದೊಡ್ಡ ಅನಾನಸ್ ಹಣ್ಣಿನ ಆಕಾರದಲ್ಲಿದೆ. ಅನಾನಸ್ ಆಗ ಶ್ರೀಮಂತಿಕೆಯ ಗುರುತು. ಚಳಿಯ ನಾಡಿನಲ್ಲಿ ಅದನ್ನು ಬೆಳೆಯಲು ಗೋಡೆಯೊಳಗೆ ಬಿಸಿಗಾಳಿ ಹರಿಸುತ್ತಿದ್ದರು. ಡಾರ್ಸೆಟ್ ಕರಾವಳಿಯಲ್ಲಿ 1830ರಲ್ಲಿ ಕಟ್ಟಿದ ಕ್ಲಾವೆಲ್ ಗೋಪುರ ಕಡಲ್ಕೊರೆತದಿಂದ ಪ್ರಪಾತದ ಅಂಚಿಗೆ ಬಂದಿತ್ತು. 2006ರಿಂದ 2008ರ ಅವಧಿಯಲ್ಲಿ ಅದರ ಕಲ್ಲುಗಳಿಗೆ ಸಂಖ್ಯೆ ಹಾಕಿ ಬಿಚ್ಚಿ, 25 ಮೀಟರ್ ಹಿಂದಕ್ಕೆ ಮತ್ತೆ ಕಟ್ಟಿದರು. 1978ರ ಬೆಂಕಿಯಲ್ಲಿ ಸುಟ್ಟಿದ್ದ ಆಸ್ಟ್ಲಿ ಕೋಟೆಯ ಪಾಳುಗೋಡೆಗಳ ನಡುವೆ ಹೊಸ ಮನೆ ಎಬ್ಬಿಸಿದ ಕೆಲಸಕ್ಕೆ 2013ರಲ್ಲಿ ಬ್ರಿಟನ್ನಿನ ಅತ್ಯುನ್ನತ ವಾಸ್ತುಶಿಲ್ಪ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ದೊರೆಯಿತು.

ಈ ಮನೆಗಳಲ್ಲಿ ಟಿವಿ ಇಡುವುದಿಲ್ಲ. ಅದರ ಬದಲು ಕಟ್ಟಡದ ಇತಿಹಾಸದ ಪುಸ್ತಕ, ಊರಿನ ನಕ್ಷೆ, ತಂಗಿದವರು ಬರೆದಿಟ್ಟುಹೋಗುವ ದಿನಚರಿ ಇರುತ್ತವೆ. ಮಾರ್ಗದರ್ಶಿಯ ಹಿಂದೆ ಅರ್ಧ ಗಂಟೆ ಸುತ್ತಿ ಬರುವುದಕ್ಕೂ ಅದೇ ಕಟ್ಟಡದ ಅಡುಗೆಮನೆಯಲ್ಲಿ ಚಹಾ ಕಾಯಿಸಿಕೊಂಡು ಒಂದು ವಾರ ಬಾಳುವುದಕ್ಕೂ ವ್ಯತ್ಯಾಸವಿದೆ.

ಊರ ಹಬ್ಬಕ್ಕೆ ಪರವೂರಿನವರು

ಬೇಸಿಗೆಯ ಹಳ್ಳಿ ರಜೆಗೆ ಕಳೆಗಟ್ಟುವುದು ಊರಹಬ್ಬಗಳಿಂದ. ಪೀಕ್ ಡಿಸ್ಟ್ರಿಕ್ಟಿನ ಟಿಸಿಂಗ್‌ಟನ್ ಹಳ್ಳಿಯಲ್ಲಿ ಕ್ರಿಸ್ತನ ಸ್ವರ್ಗಾರೋಹಣದ ದಿನ ಬಾವಿಗಳಿಗೆ ಅಲಂಕಾರ ಮಾಡುತ್ತಾರೆ. ಮರದ ಹಲಗೆಗಳ ಮೇಲೆ ಒದ್ದೆ ಜೇಡಿಮಣ್ಣು ಬಳಿದು, ಅದರಲ್ಲಿ ಹೂವಿನ ಎಸಳು, ಎಲೆ, ಬೀಜ, ಪಾಚಿಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಬಿಡಿಸುತ್ತಾರೆ. ನೀರು ಕೊಟ್ಟ ದೇವರಿಗೆ ಕೃತಜ್ಞತೆ ಅದು. ನಮ್ಮ ಗಂಗೆಪೂಜೆಯನ್ನು ನೆನಪಿಸುವ ಆಚರಣೆ. ಸರೋವರಗಳ ನಾಡಿನ ಗ್ರಾಸ್‌ಮೀರ್‌ನಲ್ಲಿ, ಹಿಂದೆ ಚರ್ಚಿನ ಮಣ್ಣುನೆಲಕ್ಕೆ ಜೊಂಡುಹುಲ್ಲು ಹಾಸುತ್ತಿದ್ದ ಕಾಲದ ನೆನಪಿಗೆ, ಮಕ್ಕಳು ಜೊಂಡು ಹೊತ್ತು ಮೆರವಣಿಗೆ ಹೋಗುತ್ತಾರೆ. ಆಗಸ್ಟಿನಲ್ಲಿ ಅದೇ ಊರಿನಲ್ಲಿ ಕುಸ್ತಿ ಮತ್ತು ಬೆಟ್ಟದ ಓಟದ ಪಂದ್ಯಗಳು ನಡೆಯುತ್ತವೆ.

ವೇಲ್ಸಿನಲ್ಲಿ ಆಗಸ್ಟ್ ಎಂದರೆ ಐಸ್ಟೆಡ್‌ವಡ್. 1861ರಿಂದ ರಾಷ್ಟ್ರೀಯ ಸ್ವರೂಪ ಪಡೆದ ಈ ಕವಿತೆ, ಗಾಯನಗಳ ಸ್ಪರ್ಧೆ ಒಂದು ವರ್ಷ ಉತ್ತರ ವೇಲ್ಸಿನಲ್ಲಿ, ಮರುವರ್ಷ ದಕ್ಷಿಣದಲ್ಲಿ ನಡೆಯುವುದು ವಾಡಿಕೆ. ಗೆದ್ದ ಕವಿಗೆ ಕಿರೀಟ ಮತ್ತು ಪೀಠ. 1950ರಿಂದ ವೇದಿಕೆಯ ಭಾಷೆ ವೆಲ್ಷ್ ಮಾತ್ರ. ಸ್ಥಳ ಬದಲಾಗುವುದರಿಂದ ಪ್ರತಿವರ್ಷ ಒಂದೊಂದು ಊರಿನ ಸುತ್ತಮುತ್ತಲ ಮನೆಗಳೆಲ್ಲ ನೆಂಟರಿಂದ, ಬಾಡಿಗೆಯವರಿಂದ ತುಂಬಿಹೋಗುತ್ತವೆ.

ಹಳ್ಳಿಗೆ ಬರುವ ಈ ಅತಿಥಿಗಳ ಮೇಲೆ ಗ್ರಾಮೀಣ ಬದುಕು ಎಷ್ಟು ಅವಲಂಬಿಸಿದೆ ಎಂಬುದು ಅರಿವಾದದ್ದು 2001ರಲ್ಲಿ. ಆ ವರ್ಷ ಕಾಲುಬಾಯಿ ಜ್ವರ ಹರಡಿ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಸೋಂಕು ತಡೆಯಲು ಕಾಲುದಾರಿಗಳನ್ನೆಲ್ಲ ಮುಚ್ಚಿದರು. ಪ್ರವಾಸಿಗಳಿಲ್ಲದೆ ಅಂಗಡಿ, ಹೋಟೆಲು, ರಜಾಮನೆಗಳು ನೆಲಕಚ್ಚಿದವು. ಹಳ್ಳಿಯ ಆದಾಯ ಎಂದರೆ ಬೇಸಾಯ ಎಂದೇ ನಂಬಿದ್ದ ಆಡಳಿತಗಾರರಿಗೆ ಅದು ಪಾಠವಾಯಿತು.

ಬೆಳಕಿಲ್ಲದ ಕಿಟಕಿಗಳು

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಪಾಳುಬಿದ್ದ ಗೋಪುರವನ್ನು ರಜಾಮನೆ ಮಾಡಿದರೆ ಊರಿಗೆ ಲಾಭ. ಸಂಸಾರವೊಂದು ಬಾಳಬಹುದಾದ ಮನೆಯನ್ನೇ ರಜಾಮನೆ ಮಾಡಿದರೆ? ಪಟ್ಟಣದ ಹಣವಂತನೊಂದಿಗೆ ಬೆಲೆಯಲ್ಲಿ ಪೈಪೋಟಿ ನಡೆಸಲು ಹಳ್ಳಿಯ ತರುಣನಿಗೆ ಆಗುವುದಿಲ್ಲ. ಅವನು ಊರು ಬಿಡುತ್ತಾನೆ. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ. ಚಳಿಗಾಲದಲ್ಲಿ ಸಾಲು ಮನೆಗಳ ಕಿಟಕಿಗಳಲ್ಲಿ ಬೆಳಕೇ ಇರುವುದಿಲ್ಲ.

ವೇಲ್ಸಿನಲ್ಲಿ ಈ ಸಮಸ್ಯೆ ಭಾಷೆಯ ಅಳಿವು ಉಳಿವಿನ ಪ್ರಶ್ನೆಯೂ ಆಯಿತು. 1951ರ ಜನಗಣತಿಯಲ್ಲಿ ಅಲ್ಲಿನ ಜನರಲ್ಲಿ ವೆಲ್ಷ್ ಬಲ್ಲವರು ಶೇ 28.9ರಷ್ಟಿದ್ದರು. 2021ರಲ್ಲಿ ಆ ಪ್ರಮಾಣ ಶೇ 17.8ಕ್ಕೆ ಇಳಿದಿತ್ತು. ಭಾಷೆ ಗಟ್ಟಿಯಾಗಿ ಉಳಿದಿದ್ದದ್ದು ವಾಯವ್ಯದ ಗ್ವಿನೆದ್‌ನಂತಹ ಬೆಟ್ಟದ ಹಳ್ಳಿಗಳಲ್ಲಿ. ರಜಾಮನೆಗಳಿಗೆ ಹೆಚ್ಚು ಬೇಡಿಕೆ ಇದ್ದದ್ದೂ ಅಲ್ಲಿಯೇ. ಕೊಂಡವರಲ್ಲಿ ಕೆಲವರು ಉಚ್ಚಾರಣೆ ಕಷ್ಟವೆಂದು ಮನೆಗಳ ಹಳೆಯ ವೆಲ್ಷ್ ಹೆಸರುಗಳನ್ನು ತೆಗೆದು ಇಂಗ್ಲಿಷ್ ಹೆಸರಿಟ್ಟರು. ಪರಂಪರೆಯನ್ನು ನೋಡಲು ಬಂದವರಿಂದಲೇ ಪರಂಪರೆ ಅಳಿಸುವಂತಾಯಿತು.

1979ರ ಡಿಸೆಂಬರಿನಲ್ಲಿ ಖಾಲಿ ರಜಾಮನೆಗಳಿಗೆ ಬೆಂಕಿ ಬಿತ್ತು. ‘ಮೈಬಿಯನ್ ಗ್ಲಿಂಡೂರ್’, ಅಂದರೆ ಗ್ಲಿಂಡೂರನ ಮಕ್ಕಳು ಎಂಬ ಗುಪ್ತ ಗುಂಪಿನ ಕೃತ್ಯ ಅದು. ಓವೈನ್ ಗ್ಲಿಂಡೂರ್ 15ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಅರಸರ ವಿರುದ್ಧ ಬಂಡೆದ್ದ ವೇಲ್ಸಿನ ರಾಜಕುಮಾರ. 1990ರ ದಶಕದ ಆರಂಭದವರೆಗೆ ಸುಮಾರು 200 ಕಡೆ ಇಂತಹ ದಾಳಿಗಳು ನಡೆದವು. ಅದೇ ಹೊತ್ತಿಗೆ ವೆಲ್ಷ್ ಭಾಷಾ ಸಂಘ ‘ವೇಲ್ಸ್ ಮಾರಾಟಕ್ಕಿಲ್ಲ’ ಎಂಬ ಘೋಷಣೆಯೊಂದಿಗೆ ಬಹಿರಂಗ ಚಳವಳಿ ನಡೆಸಿತು. ಬೆಂಕಿಯಿಂದ ಯಾರಿಗೂ ಮನೆ ಸಿಗಲಿಲ್ಲ. ಆದರೆ ಬೆಂಕಿ ಇಟ್ಟವರನ್ನು ಒಪ್ಪದವರೂ ಸಮಸ್ಯೆ ನಿಜವೆಂದು ಒಪ್ಪಿದ್ದರು.

ಕಾನೂನಿನ ಮದ್ದು

ಇಂದು ಈ ಹೋರಾಟ ಬೀದಿಯಿಂದ ಕಚೇರಿಗೆ ಬಂದಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಪಟ್ಟಣದ ಮತದಾರರು 2016ರಲ್ಲಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ನೆಲೆಸುವವರಿಗೆ ಮಾತ್ರ ಎಂಬ ನಿಯಮಕ್ಕೆ ಶೇ 80ಕ್ಕೂ ಹೆಚ್ಚಿನ ಬಹುಮತ ಕೊಟ್ಟರು. ಪ್ರಕರಣ ಕೋರ್ಟಿಗೆ ಹೋಯಿತು. ನಿಯಮ ಉಳಿಯಿತು. ವೇಲ್ಸ್ ಸರ್ಕಾರ 2023ರ ಏಪ್ರಿಲಿನಿಂದ ಎರಡನೇ ಮನೆಗಳ ಮೇಲೆ ಸಾಮಾನ್ಯ ತೆರಿಗೆಯ ಜೊತೆಗೆ ಶೇ 300ರವರೆಗೂ ಹೆಚ್ಚುವರಿ ಹೇರುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ಸ್ವಯಂಪಾಕದ ಮನೆಯನ್ನು ವ್ಯಾಪಾರವೆಂದು ಪರಿಗಣಿಸಬೇಕಾದರೆ ಅದನ್ನು ವರ್ಷಕ್ಕೆ ಕನಿಷ್ಠ 182 ದಿನ ನಿಜವಾಗಿ ಬಾಡಿಗೆಗೆ ಕೊಟ್ಟಿರಬೇಕೆಂಬ ನಿಯಮವೂ ಆಗಲೇ ಬಂತು. ಹಿಂದೆ ಅದು 70 ದಿನಗಳಷ್ಟಿತ್ತು.

ಇದರಿಂದ ಪೆಟ್ಟು ತಿಂದವರಲ್ಲಿ ಊರಿನವರೂ ಇದ್ದಾರೆ. ಕುರಿ ಸಾಕಣೆಯಿಂದ ಹೊಟ್ಟೆ ತುಂಬದೆ, ಹಳೆಯ ಕೊಟ್ಟಿಗೆಯನ್ನೇ ರಿಪೇರಿ ಮಾಡಿಸಿ ಬಾಡಿಗೆಗೆ ಬಿಟ್ಟ ರೈತನಿಗೂ ಅದೇ 182 ದಿನಗಳ ಲೆಕ್ಕ. ಮಳೆ ಹೆಚ್ಚಿನ ಬೆಟ್ಟದೂರಿಗೆ ಚಳಿಗಾಲದಲ್ಲಿ ಯಾರು ಬರುತ್ತಾರೆ ಎಂಬುದು ಅವನ ಅಳಲು. ಗ್ವಿನೆದ್ ಕೌನ್ಸಿಲ್ 2024ರ ಸೆಪ್ಟೆಂಬರಿನಲ್ಲಿ, ವಾಸದ ಮನೆಯನ್ನು ರಜಾಮನೆಯಾಗಿ ಬದಲಿಸಲು ಪರವಾನಗಿ ಬೇಕೆಂಬ ಕಟ್ಟಳೆ ತಂದಿತು. ಅದನ್ನು ವಿರೋಧಿಸಿ ಅಲ್ಲಿನ ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. ಮಾರಬೇಕೆಂದಾಗ ಮನೆಗೆ ಬೆಲೆ ಬಾರದು ಎಂಬುದು ಅವರ ವಾದ.

ವೆಲ್ಷ್ ಭಾಷೆಯಲ್ಲಿ ‘ಹಾವೊಡ್’ ಎಂಬ ಪದವಿದೆ. ಬೇಸಿಗೆಮನೆ ಎಂದು ಅದರ ಅರ್ಥ. ಹಿಂದೆ ರೈತರು ಮೇ ತಿಂಗಳ ಆರಂಭದಲ್ಲಿ ದನಗಳನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಹಾವೊಡ್‌ಗೆ ಹೋಗಿ, ಬೇಸಿಗೆಯಿಡೀ ಅಲ್ಲೇ ಹಾಲು ಕರೆದು ಬೆಣ್ಣೆ, ಗಿಣ್ಣು ಮಾಡಿ, ಚಳಿ ಬೀಳುವ ಮುನ್ನ ಕೆಳಗಿನ ‘ಹೆಂಡ್ರೆ’ಗೆ, ಅಂದರೆ ಹಳೆಯ ಮನೆಗೆ ಮರಳುತ್ತಿದ್ದರು. ಆ ಪದ್ಧತಿ ಹೋಗಿ ಬಹುಕಾಲವಾಯಿತು. ಆದರೆ ಬೆಟ್ಟದ ಎಷ್ಟೋ ಮನೆಗಳ ಹೆಸರಿನಲ್ಲಿ ‘ಹಾವೊಡ್’ ಇನ್ನೂ ಉಳಿದಿದೆ. ಅವುಗಳಲ್ಲಿ ಈಗ ಬೇಸಿಗೆಗೆ ಬಂದು ಒಲೆ ಹಚ್ಚುವವರು ಬೇರೆ ಜನ. ಕೆಳಗಿನ ಊರಿನಲ್ಲಿ ಹೆಂಡ್ರೆಯ ಒಲೆಯೂ ವರ್ಷವಿಡೀ ಉರಿಯುತ್ತಿದ್ದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಬಾವಿಗೆ ಹೂವಿನ ಎಸಳು ಒತ್ತಲು, ಐಸ್ಟೆಡ್‌ವಡ್‌ನಲ್ಲಿ ಹಾಡಲು ಊರಿನವರು ಇರಲೇಬೇಕು. ಅವರು ಇದ್ದರಷ್ಟೇ ನೋಡಲು ಬಂದವರಿಗೂ ನೋಡುವುದಕ್ಕೆ ಏನಾದರೂ ಉಳಿದಿರುತ್ತದೆ.